ಬಸಯ್ಯನವರ ಗೋಡೆಯ ಮೂರು ಪಟ್ಟಿ

ನಮ್ಮ ಮನೋಳಿಯಲ್ಲಿ ಬಾತ್‌ರೂಮು ಯಾರ ಮನೆಯಲ್ಲಿಲ್ಲ? ಎಲ್ಲರ ಮನೆಯಲ್ಲೂ ಇದೆ. ಆದರೆ ಮಲಗುವ ಕೋಣೆಗೇ ಅಂಟಿಕೊಂಡಿರುವ ‘ಅಟ್ಯಾಚ್’ ಬಾತ್‌ರೂಮನ್ನು ನಮ್ಮ ಓಣಿಯಲ್ಲಿ ಮೊದಲು ಕಟ್ಟಿಸಿದವರು ಬಸಯ್ಯನವರು. ನಾನು ಹೇಳದಿದ್ದರೆ ಅವರೇ ಹೇಳುತ್ತಾರೆ. ಹೂಲಿ ಕಡೆ ಅವರಿಗೆ ಕಪ್ಪು ಮಣ್ಣಿನ ಎರೆ ಹೊಲವಿದೆ, ಜೋಳ ಕಡಲೆ ಬೆಳೆಯುತ್ತಾರೆ, ಉಳಿದ ಹೊತ್ತು ಕಟ್ಟೆಯ ಮೇಲೆ ಕೂರುತ್ತಾರೆ. ಲೈಟ್ ಬಿಲ್ಲಿನವನು ಬರಲಿ, ಮದುವೆ ಕಾರ್ಡು ಕೊಡುವವರು ಬರಲಿ, ಮೊದಲು ಒಳಗೆ ಕರೆದುಕೊಂಡು ಹೋಗಿ ಆ ಬಾತ್‌ರೂಮಿನ ಬಾಗಿಲು ತೆಗೆದು ತೋರಿಸಿ, ಆಮೇಲೆ ಬಂದ ಕೆಲಸವೇನೆಂದು ಕೇಳುತ್ತಿದ್ದರು. ನಾನು ಎದುರು ಮನೆಯವನು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅದನ್ನು ಅವಸರದಲ್ಲಿ ಕಟ್ಟಿಸಿದ್ದಕ್ಕೆ ಕಾರಣ ಕಿತ್ತೂರಿನ ಷಡ್ಡಕ ಸಿದ್ಧಾರೂಢ. ಷಡ್ಡಕ ಎಂದರೇನೆಂದು ಮದುವೆಯಾದ ಗಂಡಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ತಂಗಿಯ ಗಂಡ. ಅವನ ಮನೆಯ ಫ್ಯಾನು ಕೂಡ ನಮ್ಮ ಫ್ಯಾನಿಗಿಂತ ಜೋರಾಗಿ ತಿರುಗುತ್ತದೆ ಎಂದು ಹೆಂಡತಿಗೆ ಅನಿಸುತ್ತಿರುತ್ತದೆ. ಅವನು ದೀಪಾವಳಿಗೆ ಬರುವವನಿದ್ದ. ಪೈಪಿನ ಕೆಲಸ ಇನ್ನೂ ಸ್ವಲ್ಪ ಉಳಿದಿದೆ ಎಂದು ಕಟ್ಟುವ ಗವಂಡಿ ಹೇಳಿದರೂ, ಅದನ್ನು ಮುಂದೆ ನೋಡೋಣ, ಮೊದಲು ಟೈಲ್ಸ್ ಹಚ್ಚು ಎಂದು ಬಸಯ್ಯನವರು ಕೆಲಸ ಮುಗಿಸಿದರು. ಸಿದ್ಧಾರೂಢ ದೀಪಾವಳಿಗೆ ಬರಲಿಲ್ಲ. ಬಂದದ್ದು ಶಿವರಾತ್ರಿಗೆ.

ಬಂದವನನ್ನು ನೇರ ಮಲಗುವ ಕೋಣೆಗೆ ಕರೆದುಕೊಂಡು ಹೋಗಿ, ಬಸಯ್ಯನವರು ಬಾತ್‌ರೂಮಿನ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತರು. ಆ ಪುಣ್ಯಾತ್ಮ ಒಳಗೆ ಇಣುಕಿ ಕೂಡ ನೋಡಲಿಲ್ಲ. ಅವನ ಕಣ್ಣು ಕೋಣೆಯ ಗೋಡೆಯ ಮೇಲೆ ನಿಂತಿತ್ತು.

“ಅಣ್ಣಾರ, ಗ್ವಾಡಿ ಒಡದೈತಲ್ರಿ,” ಅಂದ.

ಹೌದು, ಒಡೆದಿತ್ತು. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಹಾವಿನ ಮರಿಯಂತೆ ಕೆಳಗೆ ಇಳಿದಿತ್ತು. ಬಸಯ್ಯನವರ ಹೆಂಡತಿ ಶೈಲಜಾ ಜೊತೆಗೆ ಬಂದಿದ್ದ ತಂಗಿಯ ಮುಖ ನೋಡಿದಳು, ತಂಗಿ ತನ್ನ ಗಂಡನ ಮುಖ ನೋಡಿದಳು. ಟೈಲ್ಸಿನ ಮಾತು ಅಲ್ಲಿಗೆ ಸತ್ತಿತು. ಕಿತ್ತೂರಿನಲ್ಲಿ ತಮ್ಮ ಮನೆಯ ಗೋಡೆಗಳು ಹೇಗೆ ಗಟ್ಟಿಮುಟ್ಟಾಗಿವೆ ಎಂದು ಸಿದ್ಧಾರೂಢ ಮರುದಿನ ಉಪವಾಸ ಬಿಡುವ ಊಟ ಮುಗಿಯುವ ತನಕ ಹೇಳಿದ. ಬಸಯ್ಯನವರು ಎರಡನೆಯ ಹೋಳಿಗೆ ಬೇಡವೆಂದು ಕೈ ತೊಳೆದರು.

ಮಾನ ಹೋದ ಮೇಲೆ ಒಬ್ಬ ಆರೋಪಿ ಬೇಕಲ್ಲ. ಆರೋಪಿ ಪಕ್ಕದಲ್ಲೇ ಇದ್ದ. ಬಸಯ್ಯನವರ ಮನೆಗೆ ಅಂಟಿದ ಹಾಗೆ ಒಂದು ಸಂದಿ, ಸಂದಿಯ ಆಚೆ ಮಡಿವಾಳೆಪ್ಪನ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ಬಸಯ್ಯನವರ ಮನೆಯ ಪಾತ್ರೆಗಳು ಸಣ್ಣಗೆ ನಡುಗುವುದು ಓಣಿಗೆಲ್ಲ ಗೊತ್ತಿತ್ತು. ಅಪ್ಪನ ಕಾಲದಿಂದ ನಡುಗುತ್ತ ಬಂದ ಪಾತ್ರೆಗಳ ಬಗ್ಗೆ ಈವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಬಸಯ್ಯನವರು ಕಟ್ಟೆಯ ಮೇಲೆ ಕುಳಿತು, ಗಿರಣಿಯ ಹೊಡೆತಕ್ಕೆ ನನ್ನ ಮನೆ ಬೀಳಲಿಕ್ಕೆ ಬಂದಿದೆ ಎಂದು ಹೋಗುವ ಬರುವವರಿಗೆಲ್ಲ ಹೇಳತೊಡಗಿದರು. ಪುರಸಭೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು. ಅಲ್ಲಿಯ ಸಾಹೇಬರು ಸಮಾಧಾನದ ಮನುಷ್ಯ. ಬಲ್ಲ ಇಂಜಿನಿಯರು ಗಿರಣಿಯಿಂದಲೇ ಗೋಡೆ ಒಡೆದಿದೆ ಎಂದು ಹೇಳಲಿ, ಗಿರಣಿ ನಿಲ್ಲಿಸುತ್ತೇನೆ, ಅಲ್ಲ ಎಂದರೆ ನೀವು ಬಾಯಿ ಮುಚ್ಚಿಕೊಳ್ಳಬೇಕು ಎಂದರು.

ಮಡಿವಾಳೆಪ್ಪನ ಮುಖ ಆ ದಿನ ನೋಡಬೇಕಿತ್ತು. ಮೈಮೇಲೆ ಯಾವಾಗಲೂ ಹಿಟ್ಟು ಬಡಿದುಕೊಂಡು ಬೆಳ್ಳಗೇ ಇರುವ ಮನುಷ್ಯ, ಹಿಟ್ಟಿನ ಒಳಗೇ ಇನ್ನಷ್ಟು ಬೆಳ್ಳಗಾದ. ಗಿರಣಿ ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲ. ಹೊಲವಿಲ್ಲ, ಓದಿಲ್ಲ. ಜೋಳದ ಚೀಲ ಬಂದರೆ ಅಯ್ಯನವರದನ್ನು, ಓಣಿಯವರು ಬಸಯ್ಯನವರನ್ನು ಕರೆಯುವುದೇ ಹಾಗೆ, ಮೊದಲು ಬೀಸಿ ಕಳಿಸುತ್ತಿದ್ದವನು ಅವನು. ಆ ವಾರವೂ ಮೊದಲು ಬೀಸಿ ಕಳಿಸಿದ.

ಹೋಳಿಯ ಬಣ್ಣ ಇನ್ನೂ ಗೋಡೆಗಳ ಮೇಲೆ ಇರುವಾಗಲೇ ಸಾಹೇಬರು ಹೇಳಿಕಳಿಸಿದ ಇಂಜಿನಿಯರು ಬೈಲಹೊಂಗಲದಿಂದ ಬಂದರು. ಮುಕುಂದ ಜೋಶಿಯವರ ಮಗಳು ಗೌತಮಿ. ಅಪ್ಪ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದವರು, ಮಗಳು ಕಂಬ ತೊಲೆ ನೋಡಿ ಮನೆಯ ಭವಿಷ್ಯ ಹೇಳುವವಳು. ಗಿರಣಿಯದೇ ತಪ್ಪು ಎಂದು ಬಾಗಿಲಲ್ಲೇ ಸಹಿ ಮಾಡಿ ಚಹಾ ಕುಡಿದು ಹೋಗುತ್ತಾಳೆಂದು ಬಸಯ್ಯನವರು ತಿಳಿದಿದ್ದರು. ಆಕೆ ಸಹಿಯ ಮಾತೇ ಎತ್ತಲಿಲ್ಲ. ಗೋಡೆಗೆ ಕಿವಿ ಹಚ್ಚಿದಳು, ಬೆರಳಿನಿಂದ ಬಡಿದಳು. ಒಂದು ಲೋಟ ನೀರು ತರಿಸಿ ಕಿಟಕಿಯ ಮೇಲಿಟ್ಟು, ಗಿರಣಿ ಶುರು ಮಾಡಿಸಿದಳು. ಲೋಟದ ನೀರು ಕುಣಿಯಿತು. ಬಸಯ್ಯನವರು ಅದಕ್ಕಿಂತ ಹೆಚ್ಚು ಕುಣಿದರು.

“ನಡುಗಸ್ತದ, ಖರೆ,” ಅಂದಳು ಗೌತಮಿ. “ಆದ್ರ ನಡುಗಸೂದು ಬ್ಯಾರೆ, ಸೀಳೂದು ಬ್ಯಾರೆ ಅಯ್ಯಾರ. ಹಿಂಗ ನೋಡಿದ ಕೂಡ್ಲೆ ಇಂಥಾದ್ರಿಂದನ ಅಂತ ಹೇಳಿದ್ರ ನಾ ಇಂಜಿನಿಯರ್ ಅಲ್ಲ, ಗಿಳಿಶಾಸ್ತ್ರದಾಕಿ ಆಗ್ತೇನಿ.”

ಸಂದಿಯ ಕಡೆಯಿಂದ ಗೋಡೆಯ ಬುಡ ನೋಡಬೇಕು ಎಂದಳು. ಸಂದಿಗೆ ಹೋಗಲು ಇದ್ದ ಒಂದೇ ಬಾಗಿಲು ಬಿಗಿದು ಕೂತಿತ್ತು. ಬಸಯ್ಯನವರು ಭುಜ ಕೊಟ್ಟು ನೂಕಿದರು, ನಾನೂ ಕೊಟ್ಟೆ. ಅಲುಗಲಿಲ್ಲ. ಬಾಗಿಲು ಹಿಡಿದದ್ದೂ ಗಿರಣಿಯದೇ ಕಿತಾಪತಿ ಎಂದರು ಬಸಯ್ಯನವರು. ಆ ಕಡೆ ಏನಿದೆ ಎಂದು ಆಕೆ ಕೇಳಿದ್ದಕ್ಕೆ, ಬಾಳೆಗಿಡ ಇವೆ, ಈ ಬೇಸಿಗೆಯಲ್ಲೂ ಹೇಗೆ ಸೊಕ್ಕಿ ನಿಂತಿವೆ, ಮಾಳಿಗೆ ಹತ್ತಿ ನೋಡಿದರೆ ಕಾಣುತ್ತವೆ ಎಂದು ಹೆಮ್ಮೆಯಿಂದ ಹೇಳಿದರು. ಗೌತಮಿ ಹುಬ್ಬು ಏರಿಸಿದಳು. ಮುಂದಿನ ಸಲ ಬರುವುದರೊಳಗೆ ಬಡಿಗನನ್ನು ಕರೆಸಿ ಆ ಬಾಗಿಲು ತೆಗೆಸಿಡಿ ಎಂದಳು.

ಆಮೇಲೆ ಚೀಲದಿಂದ ಬಿಳಿ ಪುಡಿ ತೆಗೆದಳು. ಪ್ಲಾಸ್ಟರ್ ಆಫ್ ಪ್ಯಾರಿಸ್, ಮುರಿದ ಕೈಗೆ ದವಾಖಾನೆಯಲ್ಲಿ ಹಾಕುವುದು ಅದೇ. ನೀರಲ್ಲಿ ಕಲಸಿ, ಬಿರುಕಿನ ಅಡ್ಡಕ್ಕೆ ಒಂದರ ಕೆಳಗೊಂದು ಮೂರು ಪಟ್ಟಿ ಎಳೆದಳು. ಹಸಿಯಿದ್ದಾಗಲೇ ಮೊಳೆಯ ತುದಿಯಿಂದ ಪ್ರತಿಯೊಂದರ ಮೇಲೂ ತನ್ನ ಹೆಸರಿನ ಮೊದಲ ಅಕ್ಷರ ಗೀಚಿದಳು.

“ಗ್ವಾಡಿ ಇನ್ನೂ ಜಾಗಾ ಬಿಟ್ಟು ಸರಿಯಾಕತ್ತಿದ್ರ ಈ ಪಟ್ಟಿ ಒಡೀತಾವ. ನಿಂತಿದ್ರ ಒಡ್ಯೂದಿಲ್ಲ. ಬಸವ ಜಯಂತಿ ಮುಗದ ಮ್ಯಾಲ ಸಾಹೇಬರನ್ನ ಕರ್ಕೊಂಡು ಬರ್ತೇನಿ. ಅಲ್ಲೀತನಾ ಗಿರಣಿ ದಿನದ್ಹಂಗ ನಡೀಲಿ. ಪಟ್ಟಿ ಮಾತ್ರ ಯಾರೂ ಮುಟ್ಟಬ್ಯಾಡ್ರಿ.”

ಇಷ್ಟು ಸರಳ ಮಾತು. ಇದನ್ನು ಕೆಡಿಸಲಿಕ್ಕೆ ಬುದ್ಧಿವಂತಿಕೆ ಬೇಕು. ಅದು ನಮ್ಮ ಓಣಿಯಲ್ಲಿ ಧಾರಾಳವಾಗಿ ಇತ್ತು.

ಹೂಲಿಯಲ್ಲಿರುವ ಮಗಳ ಮನೆಗೆ ಹೋಗಿದ್ದ ಬಸಯ್ಯನವರ ತಾಯಿ ಸಾವಿತ್ರೆವ್ವ ಮರುದಿನ ಬಂದರು. ಕಣ್ಣು ಅಷ್ಟಕ್ಕಷ್ಟೆ, ಭಕ್ತಿ ಮಾತ್ರ ಚೊಕ್ಕ. ಗೋಡೆಯ ಮೇಲೆ ಮೂರು ಬಿಳಿ ಪಟ್ಟಿ ಕಂಡವು. ಇದೇನೋ ಎಂದು ಮಗನನ್ನು ಕೇಳಿದರು. ಬಸಯ್ಯನವರಿಗೆ ಆ ಹೊತ್ತಿಗಾಗಲೇ ಅರ್ಧ ಮರೆತಿತ್ತು, ಉಳಿದರ್ಧ ತಿಳಿದೇ ಇರಲಿಲ್ಲ. ಬೈಲಹೊಂಗಲದ ಜೋಶಿಯವರ ಮಗಳು ಹಚ್ಚಿ ಹೋಗಿದ್ದಾಳೆ, ಇವು ಒಡೆಯದೆ ಇದ್ದರೆ ಮನೆ ಉಳಿಯುತ್ತದೆ, ಒಡೆದರೆ ಮನೆಗೆ ಕೇಡು, ಯಾರೂ ಮುಟ್ಟಬಾರದಂತೆ ಎಂದು ಹೇಳಿದರು.

ಅಯ್ಯನವರ ಮನೆಯಲ್ಲಿ, ಹಣೆಯ ಮೇಲೆ, ಲಿಂಗದ ಮೇಲೆ, ಹೊಸ್ತಿಲ ಮೇಲೆ, ಕಣದ ರಾಶಿಯ ಮೇಲೆ ಮೂರು ಬಿಳಿ ಪಟ್ಟಿ ಅಂದರೆ ಏನು? ಬೇರೆ ಏನಾದರೂ ಆಗಲಿಕ್ಕೆ ಸಾಧ್ಯವೆ? ಜೋಶಿಯವರ ಹುಡುಗಿ ಬಂದು ನಮ್ಮ ಗೋಡೆಗೆ ವಿಭೂತಿ ಹಚ್ಚಿ ಹೋದಳಲ್ಲ ಎಂದು ಸಾವಿತ್ರೆವ್ವನ ಕಣ್ಣಲ್ಲಿ ನೀರು ಬಂತು. ಮುಟ್ಟಬಾರದು ಅಂದದ್ದರ ಅರ್ಥವೂ ಅವರಿಗೆ ಸ್ಪಷ್ಟವಿತ್ತು. ಜಳಕ ಮಾಡದೆ ಮುಟ್ಟಬಾರದು. ಮರುದಿನ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಿನಿಂದ ಪಟ್ಟಿಯ ಮೇಲೆ ಪಟ್ಟಿ ಎಳೆದು ಕೈಮುಗಿದರು. ಅದರ ಮರುದಿನವೂ ಎಳೆದರು. ಅತ್ತೆ ದೇವರ ಕೆಲಸ ಮಾಡುವಾಗ ನಡುವೆ ಬಾಯಿ ಹಾಕುವ ಸೊಸೆ ಶೈಲಜಾ ಅಲ್ಲ. ಬಸಯ್ಯನವರು ಏಳುವುದು ತಡ, ಎದ್ದಾಗ ಪಟ್ಟಿ ಒಣಗಿರುತ್ತಿತ್ತು.

ಇತ್ತ ಮಡಿವಾಳೆಪ್ಪ ಇನ್ನೊಂದು ಎಡವಟ್ಟು ಮಾಡಿದ. ಗಿರಣಿ ನಡೆಸು ಎಂದು ಇಂಜಿನಿಯರು ಹೇಳಿ ಹೋಗಿದ್ದರೆ, ಇವನು ಅದೇ ಸಂಜೆ ಕಲ್ಲು ತಿರುಗಿಸುವ ಬೆಲ್ಟು, ಆ ಪಟ್ಟಾವನ್ನೇ ಕಳಚಿ ಇಟ್ಟ. ಪಟ್ಟಿ ಒಡೆದರೆ ನನ್ನಿಂದ ಒಡೆಯಿತು ಎಂಬ ಮಾತು ಬೇಡ, ತೀರ್ಮಾನ ಆಗುವ ತನಕ ಗಿರಣಿಯ ಕಲ್ಲು ತಿರುಗುವುದಿಲ್ಲ ಎಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಇದರಿಂದ ಹೆಚ್ಚು ತ್ರಾಸು ಅನುಭವಿಸಿದವನು ನಾನು, ಬೇಕಾದರೆ ನನ್ನ ಮೊಳಕಾಲು ಕೇಳಿ. ಜೋಳದ ಚೀಲ ಸೈಕಲ್ಲಿಗೆ ಹೇರಿಕೊಂಡು ಬಸ್‌ಸ್ಟ್ಯಾಂಡಿನ ಗಿರಣಿಗೆ ಬಿಸಿಲಲ್ಲಿ ಹೋಗಬೇಕು. ಅಲ್ಲಿಯ ಹಿಟ್ಟು ತರಿತರಿ, ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ ಎಂದು ನನ್ನ ಹೆಂಡತಿ ಮಂಜುಳಾ ದಿನಾ ನನ್ನನ್ನೇ ಬೈಯುತ್ತಿದ್ದಳು. ಗೋಡೆ ಒಡೆದವನು ನಾನಲ್ಲ, ಗಿರಣಿ ನಿಲ್ಲಿಸಿದವನೂ ನಾನಲ್ಲ.

ಹೀಗಾಗಿ ಓಣಿಯ ಹೆಂಗಸರಿಗೆಲ್ಲ ಒಂದೇ ಹರಕೆ: ಅಯ್ಯನವರ ಗೋಡೆಯ ಪಟ್ಟಿ ಒಡೆಯಬಾರದು, ಮಡಿವಾಳೆಪ್ಪನ ಗಿರಣಿ ತಿರುಗಬೇಕು. ಮೂಲೆಮನೆಯ ಗುರವ್ವ ಮೊದಲು ಎರಡು ಹೂವು ತಂದು ಏರಿಸಿದಳು. ಸೋಮವಾರ ಮಂಜುಳಾ ಊದಿನಕಡ್ಡಿ ಹಿಡಿದು ಹೋದಳು. ಮಡಿವಾಳೆಪ್ಪ ತಾನೇ ತೆಂಗಿನಕಾಯಿ ಹಿಡಿದು ತಲೆ ತಗ್ಗಿಸಿಕೊಂಡು ಬಂದು, ಗೋಡೆಗೆ ಅಡ್ಡಬಿದ್ದು, ಬಸಯ್ಯನವರ ಮುಖ ನೋಡದೆ ಹೋದ. ಹದಿನೈದು ದಿನ ಕಳೆಯುವಷ್ಟರಲ್ಲಿ ಮಲಗುವ ಕೋಣೆ ಮಲಗಲಿಕ್ಕೆ ಉಳಿಯಲಿಲ್ಲ. ಬಸಯ್ಯನವರು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬಂದರು.

ಅವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಗೋಡೆ ಮುಟ್ಟುವ ಮೊದಲು ಕೈಕಾಲು ತೊಳೆಯಬೇಕು ಎಂದು ಸಾವಿತ್ರೆವ್ವ ಕಟ್ಟಪ್ಪಣೆ ಮಾಡಿದ್ದರು. ಎಲ್ಲಿ ತೊಳೆಯಬೇಕು? ಬಸಯ್ಯನವರು ಕೋಣೆಯ ಬಾಗಿಲಲ್ಲಿ ನಿಂತು, ಬರ್ರಿ, ಇಲ್ಲೇ ಅಟ್ಯಾಚ್ ಇದೆ, ನಳ ಬಲಕ್ಕೆ ತಿರುಗಿಸ್ರಿ, ನೀರಿಗೆ ಹಿಂದೆಮುಂದೆ ನೋಡಬೇಡ್ರಿ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಇಡೀ ಓಣಿ ಅವರ ಬಾತ್‌ರೂಮು ಬಳಸುತ್ತಿತ್ತು, ಟೈಲ್ಸು ಹೊಗಳುತ್ತಿತ್ತು. ಗುರವ್ವನಂತೂ ಮೊಳಕಾಲತನಕ ತೊಳೆದುಕೊಳ್ಳುತ್ತಿದ್ದಳು. ಸಂದಿಯ ಬಾಳೆಗಿಡಗಳು ಗೊನೆ ಹಾಕಿದವು.

ಆದರೆ ಒಬ್ಬರೇ ಕೂತಾಗ ಬಸಯ್ಯನವರಿಗೆ ತಲೆ ಕೆಡುತ್ತಿತ್ತು. ಪಟ್ಟಿ ಒಡೆಯಲಿ ಎಂದು ಬೇಡಿಕೊಳ್ಳಬೇಕೋ, ಒಡೆಯದಿರಲಿ ಎಂದು ಬೇಡಿಕೊಳ್ಳಬೇಕೋ? ಒಡೆದರೆ ಗಿರಣಿ ನಿಲ್ಲುತ್ತದೆ, ಷಡ್ಡಕನ ಮುಂದೆ ತಮ್ಮ ಮಾತು ನಿಲ್ಲುತ್ತದೆ, ಆದರೆ ಮನೆ ನಿಲ್ಲುವುದಿಲ್ಲ. ಒಡೆಯದಿದ್ದರೆ ಮನೆ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ಕಿತ್ತೂರಿನಿಂದ ಸಿದ್ಧಾರೂಢ ದಿನಾ ಫೋನು ಮಾಡಿ, ಒಡೆಯಿತೇ ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎಂದು ಇವರು ಒಮ್ಮೆ ಖುಷಿಯಿಂದ, ಒಮ್ಮೆ ದುಃಖದಿಂದ ಹೇಳುತ್ತಿದ್ದರು. ನನ್ನನ್ನು ಕರೆದು, ನಾನು ಏನು ಬಯಸಬೇಕು ನೀವೇ ಹೇಳಿ ಎಂದು ಕೇಳಿದರು. ನನಗೆ ಹದವಾದ ಹಿಟ್ಟು ಬೇಕು ಎಂದು ಹೇಳಿ ಎದ್ದು ಬಂದೆ.

ಬಸವ ಜಯಂತಿ ಮುಗಿಯಿತು. ಗೌತಮಿ ಸಾಹೇಬರನ್ನು ಕರೆದುಕೊಂಡು ಬಂದಳು. ಓಣಿಗೆ ಓಣಿಯೇ ಬಸಯ್ಯನವರ ಮನೆಯಲ್ಲಿತ್ತು. ಮಡಿವಾಳೆಪ್ಪ ಹೊಸ್ತಿಲ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಕೋಣೆಗೆ ಬಂದ ಸಾಹೇಬರಿಗೆ ಹೂವು, ಊದಿನಕಡ್ಡಿಯ ಹೊಗೆ, ನಡುವೆ ಬೆಳ್ಳಗೆ ಮೂರು ಪಟ್ಟಿ ಕಂಡವು. ಸಂಸ್ಕಾರವಂತರು, ಬೂಟು ಬಿಚ್ಚಿದರು. ಬಸಯ್ಯನವರು ಅವರನ್ನೂ ಅಟ್ಯಾಚಿಗೆ ಕಳಿಸಿ ಕಾಲು ತೊಳೆಸಿದರು.

ಗೌತಮಿ ಬಾಗಿಲಲ್ಲೇ ನಿಂತು ಕೋಣೆಯನ್ನು ನೋಡಿದಳು. ಪಟ್ಟಿ ಮೂರೂ ಇಡಿಯಾಗಿದ್ದವು, ಒಂದು ಕೂದಲೆಳೆಯಷ್ಟು ಬಿರುಕಿಲ್ಲ. ಸಾಹೇಬರು, ಹಾಗಾದರೆ ಗೋಡೆ ನಿಂತಿದೆ, ಗಿರಣಿ ಮೇಲಿನ ಅರ್ಜಿ ವಜಾ ಎಂದು ಜೇಬಿನ ಪೆನ್ನಿಗೆ ಕೈ ಹಾಕಿದರು. ಗುರವ್ವ ಮಂಜುಳಾಳನ್ನು ತಬ್ಬಿಕೊಂಡಳು. ಬಸಯ್ಯನವರು ಮನೆ ಉಳಿಯಿತೆಂದು ನಕ್ಕರು, ಮಾನ ಹೋಯಿತೆಂದು ನಗು ನಿಲ್ಲಿಸಿದರು.

“ಒಂದ ನಿಮಿಷ ತಡೀರಿ,” ಅಂದಳು ಗೌತಮಿ. “ನಾ ಗೀಚಿದ ಅಕ್ಷರ ಎಲ್ಲಿ ಹೋತು?”

ಹತ್ತಿರ ಹೋಗಿ ಬೆರಳಿನಿಂದ ಒರೆಸಿದಳು. ಬೆರಳು ಬೆಳ್ಳಗಾಯಿತು. ಮೂಸಿ ನೋಡಿದಳು. ಆಮೇಲೆ ಕೀಲಿಕೈಯಿಂದ ಮೆಲ್ಲಗೆ ಕೆರೆದಳು. ದಿನಕ್ಕೊಂದು ಪದರಿನಂತೆ ಕೂತಿದ್ದ ವಿಭೂತಿ ಹಪ್ಪಳದ ಹಾಗೆ ಕಳಚಿ ನೆಲಕ್ಕೆ ಬಿತ್ತು. ಒಳಗೆ ಆಕೆಯ ಪಟ್ಟಿ ಮೂರೂ ಎರಡೆರಡು ತುಂಡಾಗಿದ್ದವು. ಅಕ್ಷರದ ಅರ್ಧ ಈಚೆ, ಅರ್ಧ ಆಚೆ. ನಡುವೆ ಕೀಲಿಕೈಯ ತುದಿ ಸರಾಗ ಒಳಗೆ ಹೋಯಿತು.

ಗುರವ್ವ ತಬ್ಬಿದ ಕೈ ಬಿಟ್ಟಳು. ಯಾರು ಹಚ್ಚಿದ್ದು ಎಂದು ಆಕೆ ಕೇಳುವ ಮೊದಲೇ ಸಾವಿತ್ರೆವ್ವ ಮುಂದೆ ಬಂದು, ನಾನೇ, ಒಂದು ದಿನವೂ ತಪ್ಪಿಸಿಲ್ಲ, ಜಳಕ ಮಾಡಿಯೇ ಮುಟ್ಟಿದ್ದೇನೆ ಎಂದರು. ಗೌತಮಿ ಆ ಮುಖ ನೋಡಿ, ಕೀಲಿಕೈಗೆ ಅಂಟಿದ ವಿಭೂತಿ ಒರೆಸಿಕೊಂಡಳು.

ಬಸಯ್ಯನವರಿಗೆ ಒಮ್ಮೆಲೇ ಬೆಳಕಾಯಿತು. ಒಡೆದಿದೆ, ನಾನು ಹೇಳಲಿಲ್ಲವೇ, ಗಿರಣಿಯೇ ಒಡೆದದ್ದು ಎಂದು ಕೂಗಿದರು. ಮರುಕ್ಷಣ ಗೋಡೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಸಾಹೇಬರು ಪೆನ್ನು ಮತ್ತೆ ತೆಗೆದು, ಹಾಗಾದರೆ ಗಿರಣಿ ನಿಲ್ಲಿಸಬೇಕಾಗುತ್ತದೆ ಎಂದರು. ಎಲ್ಲರೂ ಹೊಸ್ತಿಲ ಕಡೆ ತಿರುಗಿದರು. ಮಡಿವಾಳೆಪ್ಪ ಕೈಮುಗಿದುಕೊಂಡು ಒಳಗೆ ಬಂದ. ಅವನ ಮೈಮೇಲೆ ಒಂದು ಚೂರೂ ಹಿಟ್ಟಿರಲಿಲ್ಲ. ಗೌತಮಿ ಅದನ್ನೇ ನೋಡುತ್ತಿದ್ದಳು.

“ಗಿರಣಿ ದಿನದ್ಹಂಗ ನಡಸೀರಿಲ್ಲೋ?” ಅಂದಳು.

“ತಪ್ಪಾತ್ರಿ ಮೇಡಮ್ಮಾರ,” ಮಡಿವಾಳೆಪ್ಪ ಮುಗಿದ ಕೈ ಇಳಿಸಲಿಲ್ಲ. “ನಿಮ್ಮ ಮಾತ ಮೀರೇನ್ರಿ. ನೀವು ಹ್ವಾದ ದಿನಾನ ಪಟ್ಟಾ ಬಿಚ್ಚೇನ್ರಿ. ಇವತ್ತಿನತನಾ ಒಂದ್ ಸೇರ ಜ್ವಾಳಾ ಬೀಸಿಲ್ರಿ.”

ನಾನು ಕೂಡಲೇ ಸಾಕ್ಷಿ ಹೇಳಿದೆ. ನನ್ನ ಮೊಳಕಾಲು ತೋರಿಸಿದೆ. ಬಸ್‌ಸ್ಟ್ಯಾಂಡಿನ ತರಿಹಿಟ್ಟಿನ ಬಗ್ಗೆ ಮಂಜುಳಾ ಸಾಕ್ಷಿ ಹೇಳಿದಳು.

ಗೌತಮಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. ಸಾಹೇಬರ ಕಡೆ ತಿರುಗಿ, “ಗಿರಣಿ ನಿಂತಿತ್ತು, ಗ್ವಾಡಿ ನಡದದ. ಗಿರಣಿದು ತಪ್ಪಿಲ್ರಿ,” ಅಂದಳು.

ಮಡಿವಾಳೆಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹಾಗಾದರೆ ಯಾರದು ತಪ್ಪು ಎಂದು ಬಸಯ್ಯನವರು ಕೇಳಿದರು. ಕೇಳಬಾರದಿತ್ತು. ಬಾಗಿಲು ತೆಗೆಸಿದ್ದೀರಾ ಎಂದು ಆಕೆ ಕೇಳಿದಳು. ಬಡಿಗನನ್ನು ಕರೆಸಲಿಕ್ಕೆ ಇವರಿಗೆ ಪುರುಸೊತ್ತೆಲ್ಲಿತ್ತು? ನಾವು ನಾಲ್ಕು ಮಂದಿ ಸೇರಿ ಭುಜ ಕೊಟ್ಟೆವು. ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಸಂದಿಗೆ ಬಿತ್ತು.

ಸಂದಿಯಲ್ಲಿ ಬಾಳೆವನ. ಕಾಲಿಟ್ಟರೆ ಮೀನಖಂಡದ ತನಕ ಕರಿ ಕೆಸರು. ಗೌತಮಿ ಒಳಗಿದ್ದವರಿಗೆ ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಸುರಿಯಲು ಹೇಳಿದಳು. ಗುರವ್ವ ಎರಡು ಸುರಿದಳು. ಗೋಡೆಯ ಬುಡದಲ್ಲಿ, ಬಾಳೆಯ ಬೇರಿನ ನಡುವೆ, ತುಂಡು ಪೈಪಿನ ಬಾಯಿಂದ ನೀರು ಗುಳುಗುಳು ಬಂದು ನಮ್ಮ ಕಾಲಿಗೇ ಬಿತ್ತು. ಗವಂಡಿ ಉಳಿದಿದೆ ಎಂದಿದ್ದ ಕೆಲಸ ಅದು: ಪೈಪನ್ನು ಬೀದಿಯ ಗಟಾರಿಗೆ ಒಯ್ದು ಮುಟ್ಟಿಸುವುದು.

“ಅಯ್ಯಾರ, ಹೂಲಿಯೊಳಗ ನಿಮ್ಮದು ಎರಿ ಹೊಲ ಅಲ್ಲೇನು? ಎರಿ ಮಣ್ಣು ನೀರ ಕುಡದ್ರ ಏನ್ ಮಾಡ್ತದ?”

“ಉಬ್ಬತೈತ್ರಿ,” ಅಂದರು ಬಸಯ್ಯನವರು, ಸಾಲಿ ಹುಡುಗನ ಹಾಗೆ.

“ಬ್ಯಾಸಗ್ಯಾಗ?”

“ಬಾಯಿ ಬಿಡತೈತ್ರಿ. ಕಾಲ ಇಟ್ರ ಒಳಗ ಹೊಕ್ಕೈತ್ರಿ.”

“ನಿಮ್ಮ ಮನಿ ಬುಡಕ್ಕೂ ಅದ ಮಣ್ಣದ. ಮೂರೂ ಕಡೆ ಒಣಗಿ ಕುಗ್ಗೇದ, ಈ ಕಡೆ ನೀರ ಕುಡದು ಉಬ್ಬೇದ. ನಡುವ ಗ್ವಾಡಿ ಏನ್ ಮಾಡಬೇಕು?”

ಬಸಯ್ಯನವರು ಪೈಪನ್ನು ನೋಡಿದರು, ಬಾಳೆಗೊನೆ ನೋಡಿದರು, ಕೊನೆಗೆ ತಮ್ಮ ತಾಯಿಯ ಕಡೆ ನೋಡಿದರು. ಊರೆಲ್ಲ ಬಂದು ಗೋಡೆ ಉಳಿಯಲಿ ಎಂದು ಕೈಮುಗಿಯುವ ಮೊದಲು ಕೈಕಾಲು ತೊಳೆದ ನೀರಷ್ಟೂ ಆ ಗೋಡೆಯ ಬುಡಕ್ಕೇ ಹೋಗಿತ್ತು. ಸಾಹೇಬರೂ ಒಂದು ಚೊಂಬಿನಷ್ಟು ಸೇರಿಸಿದ್ದರು. ಅವರು ಪೆನ್ನನ್ನು ಜೇಬಿಗೆ ಇಟ್ಟುಕೊಂಡು ಬೂಟು ಹುಡುಕಿದರು.

ಮನೆ ಬೀಳುವುದಿಲ್ಲ, ಹೆದರಬೇಡಿ ಎಂದಳು ಗೌತಮಿ. ಪೈಪು ಗಟಾರಿಗೆ ಮುಟ್ಟುವ ತನಕ ಬಾತ್‌ರೂಮಿಗೆ ಒಂದು ಹನಿ ನೀರೂ ಬೀಳಕೂಡದು, ಬಾಳೆ ಕಿತ್ತು ಹಾಕಬೇಕು, ಒಂದು ಮಳೆಗಾಲ ಒಂದು ಬೇಸಿಗೆ ಕಳೆದು ಮಣ್ಣು ಹದಕ್ಕೆ ಬಂದ ಮೇಲೆಯೇ ಬಿರುಕು ಮುಚ್ಚಬೇಕು ಎಂದಳು. ಅಲ್ಲಿಯವರೆಗೆ ನೋಡಿಕೊಂಡಿರಲಿಕ್ಕೆ ಮತ್ತೆ ಪಟ್ಟಿ ಹಚ್ಚಬೇಕಲ್ಲ. ಬಿಳಿ ಹಚ್ಚಿದರೆ ವಿಭೂತಿ. ಅರಿಶಿನ ಬೆರೆಸಿದರೆ ಗುರವ್ವ ಬಿಡುವುದಿಲ್ಲ, ಕೆಂಪು ಬೆರೆಸಿದರೆ ಕುಂಕುಮ. ಸಾವಿತ್ರೆವ್ವನ ಮುಖ ನೋಡುತ್ತ ಆಕೆ ಬಹಳ ಯೋಚನೆ ಮಾಡಿ, ಕೊನೆಗೆ ಗಾಜಿನ ತುಂಡು ಅಂಟಿಸಿ ಹೋದಳು.

ಆ ಸಂಜೆಯೇ ಮಡಿವಾಳೆಪ್ಪ ಪಟ್ಟಾ ಏರಿಸಿದ. ಓಣಿಯ ಪಾತ್ರೆಗಳೆಲ್ಲ ಸಣ್ಣಗೆ ನಡುಗಿದವು, ಯಾರೂ ತಕರಾರು ಮಾಡಲಿಲ್ಲ. ಮೊದಲ ಚೀಲ ಅಯ್ಯನವರದೇ ಬೀಸಿ ಕಳಿಸಿದ. ಬಸಯ್ಯನವರು ಆ ಹಿಟ್ಟಿನ ಡಬ್ಬಿಯನ್ನು ತಾವೇ ಹೊತ್ತು ಒಳಗೆ ಒಯ್ದರು.

ಆದರೆ ಮರುದಿನ ಬೆಳಿಗ್ಗೆ ಜಳಕ ಎಲ್ಲಿ ಮಾಡುವುದು? ಅಟ್ಯಾಚ್ ಬಂತೆಂದು ಹಳೆಯ ಬಚ್ಚಲನ್ನು ಅವರು ಒಡೆಸಿ ಹಾಕಿದ್ದರು. ನಾನು ಕಟ್ಟೆಯ ಮೇಲೆ ಹಲ್ಲು ಉಜ್ಜುತ್ತ ನೋಡುತ್ತಿದ್ದೆ. ಬಸಯ್ಯನವರು ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು, ಒಮ್ಮೆ ನನ್ನ ಮನೆಯ ಕಡೆ, ಒಮ್ಮೆ ಗುರವ್ವನ ಮನೆಯ ಕಡೆ ನೋಡಿ, ಕೊನೆಗೆ ತಲೆ ತಗ್ಗಿಸಿಕೊಂಡು ಮಡಿವಾಳೆಪ್ಪನ ಬಾಗಿಲಿಗೆ ಹೋಗಿ ನಿಂತರು. ಸೋಪಿನ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಮಡಿವಾಳೆಪ್ಪ ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಎದ್ದು ಬಂದ, ಬಾಗಿಲು ಪೂರ್ತಿ ತೆಗೆದ.

“ಬರ್ರಿ ಅಯ್ಯಾರ, ಬರ್ರಿ,” ಅಂದ. “ನಮ್ಮದು ಅಟ್ಯಾಚ್ ಅಲ್ರಿ. ಆದ್ರ ನೀರು ಗಟಾರಿಗೆ ಹೋಗತಾವ್ರಿ.”